ವಿದೇಶಿ ಸಂಬಂಧ: ನಿಕಾಹ್ ಆದರೆ ಇಲ್ಲಿಯೇ ಇರಬಹುದೇ?

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಇರಲಿ.

ಜುಮಾ ಮುಗಿಸಿ ಹೊರಬರುವಾಗ ನಮ್ಮ ಕಡೆಯ ಜನ ಕೇಳುವ ಪ್ರಶ್ನೆಗಳಲ್ಲಿ ಒಂದು ಬೇರೆ ಊರಿನ ಇಮಾಮರಿಗೆ ಅಷ್ಟಾಗಿ ಎದುರಾಗಲಿಕ್ಕಿಲ್ಲ. "ಹಜರತ್, ಹುಡುಗಿ ಹೊರದೇಶದವಳು. ನಿಕಾಹ್ ಓದಿಸಿದರೆ ಇಲ್ಲೇ ಇರಬಹುದಲ್ಲ?" ವಿರೂಪಾಪುರಗಡ್ಡೆ, ಸಾಣಾಪುರ, ಆನೆಗೊಂದಿ ಬಲ್ಲವರಿಗೆ ಈ ಪ್ರಶ್ನೆ ಎಲ್ಲಿಂದ ಹುಟ್ಟಿತೆಂದು ಹೇಳಬೇಕಿಲ್ಲ. ಹಂಪಿ ನೋಡಲು ಬಂದವರು ತುಂಗಭದ್ರೆ ದಾಟಿ ಗಡ್ಡೆಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ತಂಗುತ್ತಿದ್ದ ಕಾಲವಿತ್ತು. ಇಸ್ರೇಲ್, ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್‌ನಿಂದ ಬಂದವರ ಜೊತೆ ನಮ್ಮ ಹುಡುಗರು ಊಟದ ಮನೆ, ಬಾಡಿಗೆ ಬೈಕು, ದೋಣಿಯ ಕೆಲಸದಲ್ಲಿ ಬೆರೆತರು. ಕೆಲವು ಕಡೆ ಹೀಬ್ರೂ ಭಾಷೆಯ ಬೋರ್ಡುಗಳೂ ತೂಗಿದವು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮಾರ್ಚ್‌ನಲ್ಲಿ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಆದರೂ ಪ್ರವಾಸಿಗರು ನಿಲ್ಲಲಿಲ್ಲ, ಪರಿಚಯಗಳೂ ನಿಲ್ಲಲಿಲ್ಲ. 2022ರ ನವೆಂಬರ್‌ನಲ್ಲಿ ಹಂಪಿಯ ಯುವಕನೊಬ್ಬ ಬೆಲ್ಜಿಯಂ ಯುವತಿಯನ್ನು ವಿರೂಪಾಕ್ಷ ದೇವಸ್ಥಾನದಲ್ಲಿ ಮದುವೆಯಾದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಇಂಥ ಸಂಬಂಧ ನಮ್ಮ ಮನೆಗಳ ಬಾಗಿಲಿಗೂ ಬರುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನಿಕಾಹ್ ಗಂಡು ಹೆಣ್ಣನ್ನು ಪತಿ ಪತ್ನಿಯಾಗಿಸುತ್ತದೆ. ಅದು ಯಾರನ್ನೂ ಈ ದೇಶದ ಪ್ರಜೆಯನ್ನಾಗಿ ಮಾಡುವುದಿಲ್ಲ, ಇಲ್ಲಿ ಒಂದು ದಿನ ಹೆಚ್ಚಿಗೆ ಉಳಿಯುವ ಹಕ್ಕನ್ನೂ ತಾನಾಗಿ ಕೊಡುವುದಿಲ್ಲ. ಆ ಹಕ್ಕಿಗೆ ಬೇರೆ ದಾರಿ ಇದೆ. ದಾರಿ ಉದ್ದವಾದರೂ ನೇರವಾಗಿದೆ. ಅದನ್ನು ತಿಳಿಯದೆ ನಡೆದರೆ ಸಂಕಟ ಬರುವುದು ಗಂಡ ಹೆಂಡತಿಗೆ ಮಾತ್ರವಲ್ಲ, ಹುಟ್ಟುವ ಮಗುವಿಗೂ ಬರುತ್ತದೆ.

ಮೊದಲು ನಿಯ್ಯತ್

ಕರ್ಮಗಳೆಲ್ಲ ನಿಯ್ಯತ್ತಿನ ಮೇಲೆ ನಿಂತಿವೆ ಎಂಬ ಹದೀಸ್ ನಮ್ಮ ಮಕ್ಕಳಿಗೂ ಬಾಯಿಪಾಠ. ಆದರೆ ಅದರಲ್ಲಿ ಪ್ರವಾದಿವರ್ಯರು(ಸ) ಕೊಟ್ಟ ಉದಾಹರಣೆ ಯಾವುದೆಂದು ಹೆಚ್ಚಿನವರು ಗಮನಿಸುವುದಿಲ್ಲ. ಊರು ಬಿಟ್ಟು ಹೋಗುವುದರ ಮತ್ತು ಮದುವೆಯ ಉದಾಹರಣೆಯೇ ಅಲ್ಲಿದೆ. ಅಲ್ಲಾಹನಿಗಾಗಿ ಹಿಜ್ರತ್ ಮಾಡಿದವನದು ಅಲ್ಲಾಹನಿಗಾಗಿ; ಒಬ್ಬ ಹೆಣ್ಣನ್ನು ವರಿಸಲು ಹೊರಟವನದು ಅದಕ್ಕಾಗಿ ಎಂಬುದು ಅದರ ಸಾರ. ಉಮ್ಮು ಕೈಸ್ ಎಂಬ ಮಹಿಳೆಯನ್ನು ಮದುವೆಯಾಗಲು ಮದೀನಾಕ್ಕೆ ಬಂದವರನ್ನು ಜನ "ಉಮ್ಮು ಕೈಸ್‌ರ ಮುಹಾಜಿರ್" ಎಂದು ಕರೆಯುತ್ತಿದ್ದ ಪ್ರಸಂಗವನ್ನು ವ್ಯಾಖ್ಯಾನಕಾರರು ಇಲ್ಲಿ ನೆನೆಯುತ್ತಾರೆ. ಆ ವ್ಯಕ್ತಿಯ ಮದುವೆಯನ್ನು ಯಾರೂ ಸುಳ್ಳೆನ್ನಲಿಲ್ಲ, ಅವರನ್ನು ಊರಿನಿಂದ ಹೊರಗೂ ಹಾಕಲಿಲ್ಲ. ಮದುವೆಗಾಗಿ ದೇಶ ಬದಲಿಸುವುದು ಅಪರಾಧವಲ್ಲ. ಒಂದನ್ನು ಮನಸ್ಸಿನಲ್ಲಿಟ್ಟು ಇನ್ನೊಂದನ್ನು ಬಾಯಲ್ಲಿ ಹೇಳುವುದು ತಪ್ಪು.

ಹುದೈಬಿಯಾ ಒಪ್ಪಂದದ ನಂತರ ಮಕ್ಕಾದಿಂದ ಮಹಿಳೆಯರು ಮದೀನಾಕ್ಕೆ ಬರತೊಡಗಿದಾಗ ಅವರನ್ನು ಪರೀಕ್ಷಿಸಿ ನೋಡುವಂತೆ ಸೂರಃ ಅಲ್ ಮುಮ್ತಹಿನಾದಲ್ಲಿ ಆದೇಶ ಬಂತು. ಆ ಸೂರಃದ ಹೆಸರೇ ಅದರಿಂದ ಬಂದಿದೆ. ಗಂಡನ ಮೇಲಿನ ಸಿಟ್ಟಿನಿಂದಲೋ ಲೋಕದ ಲಾಭಕ್ಕಾಗಿಯೋ ಬಂದವರಲ್ಲ, ಈಮಾನಿಗಾಗಿ ಬಂದವರು ಎಂದು ಅವರಿಂದ ಪ್ರಮಾಣ ಪಡೆಯುತ್ತಿದ್ದರೆಂದು ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿದೆ. ಇಂದು ವೀಸಾ ಅಧಿಕಾರಿ ಗಂಡ ಹೆಂಡತಿಯನ್ನು ಕೂರಿಸಿ ಪ್ರಶ್ನೆ ಕೇಳಿದರೆ ನಮ್ಮವರಿಗೆ ಅವಮಾನ ಅನಿಸುತ್ತದೆ. ಬರುವವರ ಉದ್ದೇಶ ಕೇಳುವುದು ಹೊಸದೇನಲ್ಲ. ಸತ್ಯ ಹೇಳುವವನಿಗೆ ಅದರಲ್ಲಿ ಹೆದರುವಂಥದ್ದೂ ಇಲ್ಲ.

"ಕಾಗದಕ್ಕೆ ಮಾತ್ರ" ಎಂಬ ನಿಕಾಹ್ ಇಲ್ಲ

ಕೆಲವರು ಇನ್ನೊಂದು ರೀತಿ ಕೇಳುತ್ತಾರೆ. "ನಿಜವಾದ ಮದುವೆ ಅಲ್ಲ ಹಜರತ್, ವೀಸಾಕ್ಕಾಗಿ ಒಂದು ನಿಕಾಹ್‌ನಾಮಾ ಬೇಕು. ಆಮೇಲೆ ಬಿಟ್ಟುಬಿಡುತ್ತಾರೆ." ಇಂಥ ಕಾಗದ ನಾವು ಬರೆದುಕೊಡುವುದಿಲ್ಲ. ಕಾರಣ ತಿಳಿದುಕೊಳ್ಳಬೇಕು.

ಈಜಾಬ್, ಕಬೂಲ್, ಸಾಕ್ಷಿಗಳು ಇದ್ದರೆ ನಿಕಾಹ್ ಆಯಿತು. ತಮಾಷೆಗೆ ಮಾಡಿದರೂ ಗಂಭೀರವೆಂದೇ ಎಣಿಕೆಯಾಗುವ ಮೂರು ವಿಷಯಗಳಲ್ಲಿ ಪ್ರವಾದಿ(ಸ)ರು ನಿಕಾಹ್ ಮತ್ತು ತಲಾಖನ್ನು ಸೇರಿಸಿದ್ದಾರೆ. ಆದ್ದರಿಂದ ಕಾಗದಕ್ಕೆಂದು ಓದಿಸಿದ ನಿಕಾಹ್‌ನಿಂದಲೂ ಆಕೆ ಹೆಂಡತಿಯೇ ಆಗುತ್ತಾಳೆ. ಮಹ್ರ್ ಸಾಲವಾಗಿ ಕುತ್ತಿಗೆಗೆ ಬೀಳುತ್ತದೆ. ಖರ್ಚುವೆಚ್ಚದ ಹೊಣೆ ಬರುತ್ತದೆ. ಅವನು ತೀರಿಕೊಂಡರೆ ಆಕೆ ಇದ್ದತ್ ಕೂರಬೇಕು. ಆ ನಿಕಾಹ್ ಇರುವತನಕ ಆಕೆ ಇನ್ನೊಬ್ಬನನ್ನು ಮದುವೆಯಾಗುವಂತಿಲ್ಲ. ಇನ್ನು "ಎರಡು ವರ್ಷಕ್ಕೆ" ಎಂದು ಅವಧಿ ಕಟ್ಟಿ ಮಾಡಿದರೆ ಅದು ಸುನ್ನೀ ಮದ್‌ಹಬ್‌ಗಳಲ್ಲಿ ಸಿಂಧುವೇ ಅಲ್ಲ.

ಇದರ ಮರುಮುಖ ಇನ್ನೂ ಅಪಾಯದ್ದು. ಹೊರದೇಶದಲ್ಲಿ ಇರಲು ಅಲ್ಲಿಯವಳನ್ನು ಮದುವೆಯಾಗಬೇಕು, ಅದಕ್ಕೆ ಊರಿನ ಹೆಂಡತಿಗೆ "ಕಾಗದದ ಮೇಲೆ ಮಾತ್ರ" ತಲಾಖ್ ಎಂದು ಬರೆಯುವವರಿದ್ದಾರೆ. ಬರೆದ ತಲಾಖೂ ತಲಾಖೇ. ಮನಸ್ಸಿನಲ್ಲಿ ಇರಲಿಲ್ಲ ಎಂಬ ಮಾತು ಆಮೇಲೆ ನಡೆಯುವುದಿಲ್ಲ. ಪೇಪರ್ ಸಿಕ್ಕ ಮೇಲೆ ಊರಿಗೆ ಬಂದು ಅದೇ ಮನೆಯಲ್ಲಿ ಮೊದಲಿನಂತೆ ಸಂಸಾರ ಹೂಡುವವನು ಆ ಹೆಂಗಸನ್ನು ಯಾವ ಸ್ಥಿತಿಗೆ ತಳ್ಳುತ್ತಾನೆಂದು ಯೋಚಿಸಲಿ.

ವೀಸಾ ಕೂಡ ಒಂದು ಕರಾರು. ಒಂದು ನಾಡಿಗೆ ಅಭಯ ಪಡೆದು ಬಂದವನನ್ನು ನಮ್ಮ ಫುಕಹಾಗಳು "ಮುಸ್ತಅಮಿನ್" ಎಂದು ಕರೆದಿದ್ದಾರೆ. ಆ ಅಭಯದ ಷರತ್ತುಗಳನ್ನು ಪಾಲಿಸುವುದು ಅವನ ಮೇಲಿನ ಕರ್ತವ್ಯ. ಕರಾರುಗಳನ್ನು ಪೂರೈಸಿರಿ ಎಂಬ ಅಲ್ಲಾಹನ ಆದೇಶದಲ್ಲಿ ಇದೂ ಸೇರುತ್ತದೆ. ಇಲ್ಲಿಗೆ ಬಂದ ಅತಿಥಿಗೂ, ಅಲ್ಲಿಗೆ ಹೋದ ನಮ್ಮ ಹುಡುಗನಿಗೂ ಇದೇ ಮಾತು.

ಯಾರೊಂದಿಗೆ ನಿಕಾಹ್?

ಇದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಶೀಲವಂತೆಯಾದ ಯಹೂದಿ ಅಥವಾ ಕ್ರೈಸ್ತ ಹೆಣ್ಣಿನೊಂದಿಗೆ ಮುಸ್ಲಿಮ್ ಗಂಡಿನ ವಿವಾಹಕ್ಕೆ ಸೂರಃ ಅಲ್ ಮಾಇದಾದಲ್ಲಿ ಅನುಮತಿ ಇದೆ. ಆದರೆ ಮಕ್ಕಳ ದೀನ್ ಮತ್ತು ತರ್ಬಿಯತ್ತಿನ ಚಿಂತೆಯಿಂದ ಉಲಮಾಗಳು ಇದನ್ನು ಪ್ರೋತ್ಸಾಹಿಸಿಲ್ಲ. ಹೆಸರಿಗೆ ಕ್ರೈಸ್ತರಾಗಿದ್ದು ಏನನ್ನೂ ನಂಬದವರೂ ಇಂದು ಬಹಳ. ಅವರ ವಿಷಯ ಬೇರೆ. ಮುಸ್ಲಿಮ್ ಹೆಣ್ಣಿನ ನಿಕಾಹ್ ಮುಸ್ಲಿಮೇತರ ಗಂಡಿನೊಂದಿಗೆ ಆಗುವುದಿಲ್ಲ. ಯಾರಾದರೂ ಶಹಾದತ್ ಹೇಳುವುದಿದ್ದರೆ ಮನಸ್ಸು ಒಪ್ಪಿ, ತಿಳಿದು ಹೇಳಬೇಕು. ಬರೀ ನಿಕಾಹ್‌ಗಾಗಿ ಬಾಯಿ ಮಾತಿನ ಕಲಿಮಾ ಹೇಳಿಸಿ ಮನೆಯವರು ತೃಪ್ತಿಪಟ್ಟರೆ ಅದು ಆಕೆಗೂ ಅನ್ಯಾಯ, ದೀನಿಗೂ ಅನ್ಯಾಯ.

ನಮ್ಮ ದೇಶದ ಕಾನೂನು: ಹಂತ ಹಂತವಾಗಿ

ಅಮೆರಿಕ, ಇಂಗ್ಲೆಂಡ್‌ನಲ್ಲಿ "ಪಿಆರ್" ಎನ್ನುವಂಥ ಕಾಯಂ ವಾಸದ ಪರವಾನಗಿ ಮದುವೆಯ ಮೂಲಕ ನಮ್ಮಲ್ಲಿ ಆ ಹೆಸರಿನಲ್ಲಿ ಇಲ್ಲ. ಇರುವುದು ಮೂರು ಮೆಟ್ಟಿಲು: ಸಂಗಾತಿ ವೀಸಾ, ಓಸಿಐ ಕಾರ್ಡ್, ಪೌರತ್ವ. ಗಂಡು ಹೆಣ್ಣೆಂಬ ಭೇದ ಇದರಲ್ಲಿಲ್ಲ. ನಮ್ಮ ಹೆಣ್ಣುಮಗಳನ್ನು ಮದುವೆಯಾದ ವಿದೇಶಿ ಗಂಡನಿಗೂ ಇದೇ ದಾರಿ.

*ನೋಂದಣಿ.* ಎಲ್ಲಕ್ಕೂ ಮೊದಲು ಮದುವೆ ಸರ್ಕಾರಿ ಪುಸ್ತಕದಲ್ಲಿ ದಾಖಲಾಗಬೇಕು. ಮಸೀದಿಯ ನಿಕಾಹ್‌ನಾಮಾ ಶರೀಅತ್ತಿನ ದಾಖಲೆ, ಸಾಕ್ಷ್ಯವಾಗಿಯೂ ಬೇಕು. ಆದರೆ ಅದೊಂದೇ ಸಾಲದು. ಯಾವ ಧರ್ಮದವರೇ ಆಗಲಿ ಮದುವೆ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಇದಕ್ಕಾಗಿ 1976ರ ವಿವಾಹ ನೋಂದಣಿ ಕಾಯ್ದೆ ಇದೆ. ವಿದೇಶಿಯರಿಂದ ಪಾಸ್‌ಪೋರ್ಟ್, ವೀಸಾ, ಮತ್ತು ಮದುವೆಗೆ ಅಡ್ಡಿಯಿಲ್ಲ ಎಂದು ಅವರ ದೇಶದ ರಾಯಭಾರ ಕಚೇರಿ ಕೊಡುವ ಪತ್ರ ಕೇಳುತ್ತಾರೆ. ಆ ಪತ್ರ ಕಣ್ಣಾರೆ ನೋಡದೆ ನಿಕಾಹ್ ಓದಿಸಬೇಡಿ ಎಂಬುದು ಜಮಾಅತ್ತಿನ ಹಿರಿಯರಿಗೆ ನಮ್ಮ ವಿನಂತಿ. ಆಕೆಗೆ ಊರಲ್ಲಿ ಗಂಡನಿದ್ದರೆ ನಮ್ಮ ನಿಕಾಹ್ ಎಲ್ಲಿ ಉಳಿಯಿತು?

ಇನ್ನೊಂದು ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆಂದು ಮತ್ತೆ 30 ದಿನ ಕಾಯಬೇಕು. ಒಂದು ತಿಂಗಳ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಇದು ಮುಗಿಯುವ ಕೆಲಸವಲ್ಲ. ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಈ ಕಾಯ್ದೆಯಡಿ ಮದುವೆಯಾದರೆ, ಅಥವಾ ಆದ ನಿಕಾಹನ್ನು ಇದರಡಿ ನೋಂದಾಯಿಸಿದರೆ, ಆಸ್ತಿಯ ಹಂಚಿಕೆ ಶರೀಅತ್ತಿನ ಫರಾಇಝ್ ಪ್ರಕಾರ ಅಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಡೆಯುತ್ತದೆ. ಇದು ಅನೇಕರಿಗೆ ತಿಳಿದಿಲ್ಲ. 2023ರ ಮಾರ್ಚ್‌ನಲ್ಲಿ ಕಾಸರಗೋಡು ಜಿಲ್ಲೆಯ ವಕೀಲರೊಬ್ಬರು ಹಳೆಯ ನಿಕಾಹನ್ನು ಈ ಕಾಯ್ದೆಯಡಿ ಮತ್ತೆ ನೋಂದಾಯಿಸಿ ದೊಡ್ಡ ಚರ್ಚೆಯಾದದ್ದು ಇದೇ ಕಾರಣಕ್ಕೆ. ಗೊತ್ತಿಲ್ಲದೆ ಸಹಿ ಹಾಕಬೇಡಿ. ನಿಕಾಹ್ ಪ್ರಕಾರವೇ ಉಳಿದವನ ಹೆಂಡತಿ ಅಹ್ಲೆ ಕಿತಾಬ್ ಆಗಿದ್ದರೆ ಆಕೆಗೆ ಫರಾಇಝ್‌ನಲ್ಲಿ ಪಾಲಿಲ್ಲ. ಆಕೆ ಬೀದಿಪಾಲಾಗದಂತೆ ಮೂರನೇ ಒಂದು ಭಾಗದ ಒಳಗೆ ವಸಿಯ್ಯತ್ ಬರೆದಿಡುವ ಅವಕಾಶ ಅವನಿಗಿದೆ.

*ವೀಸಾ.* ನೋಂದಣಿಯಾದ ಮೇಲೆ ಪ್ರವಾಸಿ ವೀಸಾವನ್ನು ಭಾರತೀಯರ ಸಂಗಾತಿಗೆ ಕೊಡುವ ಎಂಟ್ರಿ ವೀಸಾಕ್ಕೆ ಬದಲಿಸಿಕೊಳ್ಳಲು ಅರ್ಜಿ ಹಾಕಬಹುದು. ಅರ್ಜಿ ಆನ್‌ಲೈನ್‌ನಲ್ಲಿ. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ನೋಡಿಕೊಳ್ಳುವವರು ಪೊಲೀಸ್ ವರಿಷ್ಠಾಧಿಕಾರಿ. ನದಿಯ ಈ ದಡದ ಗಡ್ಡೆ, ಸಾಣಾಪುರಕ್ಕೆ ಕೊಪ್ಪಳ. ಆ ದಡದ ಹಂಪಿಗೆ ವಿಜಯನಗರ ಜಿಲ್ಲೆಯ ಹೊಸಪೇಟೆ. ವೀಸಾ ಅವಧಿ ಮುಗಿಯುವ ಮೊದಲೇ ಅರ್ಜಿ ಹೋಗಬೇಕು. ಅತಿಥಿಯನ್ನು ಮನೆಯಲ್ಲಿ ಇಟ್ಟುಕೊಂಡವರೂ 24 ಗಂಟೆಯೊಳಗೆ ಮಾಹಿತಿ ಕೊಡಬೇಕು. ಹೊಟೇಲಿನವರು "ಸಿ ಫಾರ್ಮ್" ಎನ್ನುತ್ತ ಬಂದದ್ದು ಇದನ್ನೇ. ಇದು ಲಾಡ್ಜಿಗೆ ಮಾತ್ರ ಎಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್ 1ರಿಂದ ಹಳೆಯ 1946ರ ಕಾಯ್ದೆ ಹೋಗಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಅವಧಿ ಮೀರಿ ಉಳಿದವರಿಗೆ ಮೂರು ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

*ಓಸಿಐ ಕಾರ್ಡ್.* ನೋಂದಣಿಯಾದ ಮದುವೆ ಸತತ ಎರಡು ವರ್ಷ ನಡೆದಿದ್ದರೆ ಇದಕ್ಕೆ ಅರ್ಜಿ ಹಾಕಬಹುದು. ಭದ್ರತಾ ತಪಾಸಣೆ ಇರುತ್ತದೆ. ಕಾರ್ಡ್ ಸಿಕ್ಕರೆ ಜೀವನಪೂರ್ತಿ ಬಂದು ಹೋಗುವ, ಇಲ್ಲಿಯೇ ಇರುವ, ಕೆಲಸ ಮಾಡುವ ಅವಕಾಶ ಸಿಗುತ್ತದೆ. ಮತದಾನ ಇಲ್ಲ, ಸರ್ಕಾರಿ ನೌಕರಿ ಇಲ್ಲ. ಹೊಲ, ಗದ್ದೆ, ತೋಟ ಕೊಳ್ಳುವಂತಿಲ್ಲ. ಆದ್ದರಿಂದ ಸೊಸೆಯ ಹಣದಲ್ಲಿ ಆಕೆಯ ಹೆಸರಿಗೆ ಗಡ್ಡೆಯಲ್ಲಿ ಭತ್ತದ ಗದ್ದೆ ಕೊಳ್ಳುತ್ತೇವೆಂಬ ಯೋಚನೆ ಬಿಡಿ. ಆಕೆಯ ಹಣ ಹಾಕಿ ಮಗನ ಹೆಸರಿಗೆ ಬರೆಸುವುದಾದರೆ ಅದು ಸಾಲವೋ ಉಡುಗೊರೆಯೋ ಎಂದು ಸಾಕ್ಷಿ ಸಮೇತ ಬರೆದಿಡಿ; ಸಾಲದ ವ್ಯವಹಾರ ಬರೆದಿಡಬೇಕೆಂದು ಸೂರಃ ಅಲ್ ಬಕರಾದಲ್ಲೇ ಆದೇಶವಿದೆ. 2021ರ ಅಧಿಸೂಚನೆಯ ಪ್ರಕಾರ ಓಸಿಐ ಕಾರ್ಡ್ ಇರುವವರು ತಬ್ಲೀಗ್ ಅಥವಾ ಧರ್ಮಪ್ರಚಾರದ ಕೆಲಸಕ್ಕೆ ಹೊರಡುವ ಮೊದಲು ವಿಶೇಷ ಅನುಮತಿ ಪಡೆಯಬೇಕು. ಜಮಾಅತ್‌ಗಳಲ್ಲಿ ಹೋಗುವ ವಿದೇಶಿ ಅಳಿಯಂದಿರು ಇದನ್ನು ನೆನಪಿಡಲಿ.

ಮದುವೆಯಿಂದ ಬಂದ ಕಾರ್ಡ್ ಮದುವೆಯೊಂದಿಗೇ ನಿಂತಿದೆ. ನ್ಯಾಯಾಲಯದಿಂದಾಗಲಿ ಬೇರೆ ರೀತಿಯಿಂದಾಗಲಿ ವಿಚ್ಛೇದನವಾದರೆ ಸರ್ಕಾರ ಅದನ್ನು ರದ್ದು ಮಾಡಬಹುದು. ತಲಾಖ್, ಖುಲಾ ಎರಡೂ ಈ "ಬೇರೆ ರೀತಿ"ಯೊಳಗೆ ಬರುತ್ತವೆ. ಕಾರ್ಡ್ ಪಡೆದವರು ಆ ಮದುವೆ ಇರುವಾಗಲೇ ಇನ್ನೊಬ್ಬರನ್ನು ಮದುವೆಯಾದರೂ ರದ್ದಾಗಬಹುದು. ಶರೀಅತ್ತಿನಲ್ಲಿ ಎರಡನೆಯ ನಿಕಾಹ್‌ಗೆ ಅವಕಾಶವಿದೆ ಎಂಬ ವಾದ ಈ ಕಾರ್ಡನ್ನು ಕಾಯುವುದಿಲ್ಲ.

ಒಬ್ಬರ ತಂದೆ ತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಓಸಿಐ ಸಿಗುವುದಿಲ್ಲ. ಭಾರತೀಯರನ್ನು ಮದುವೆಯಾಗಿ ಬಂದ ಅಲ್ಲಿಯ ಹೆಣ್ಣುಮಕ್ಕಳಿಗೆ ದೀರ್ಘಾವಧಿ ವೀಸಾ ಎಂಬ ಬೇರೆ ವ್ಯವಸ್ಥೆ ಇದೆ. ಭಟ್ಕಳದಂಥ ಊರುಗಳಲ್ಲಿ ಇಂಥ ಕುಟುಂಬಗಳಿವೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು ರದ್ದು ಮಾಡಿದಾಗ ದೀರ್ಘಾವಧಿ ವೀಸಾವನ್ನು ಪ್ರತ್ಯೇಕವಾಗಿ ನೋಡಿದರು. ನವೀಕರಣದ ಕಾಗದ ಸರಿಯಾಗಿ ಇಟ್ಟುಕೊಳ್ಳುವುದರ ಬೆಲೆ ಅಂಥ ದಿನ ಗೊತ್ತಾಗುತ್ತದೆ.

*ಪೌರತ್ವ.* 1955ರ ಪೌರತ್ವ ಕಾಯ್ದೆಯ 5ನೇ ಕಲಮಿನಂತೆ ಭಾರತೀಯರನ್ನು ಮದುವೆಯಾದವರು ಏಳು ವರ್ಷ ಇಲ್ಲಿ ವಾಸವಿದ್ದು ಅರ್ಜಿ ಹಾಕಬಹುದು. ಈ ಏಳು ವರ್ಷದ ಲೆಕ್ಕ ಹೀಗೆ: ಅರ್ಜಿಗೆ ಮುಂಚಿನ ಪೂರ್ತಿ ಹನ್ನೆರಡು ತಿಂಗಳು ಇಲ್ಲಿರಬೇಕು, ಅದಕ್ಕೂ ಹಿಂದಿನ ಎಂಟು ವರ್ಷದಲ್ಲಿ ಕನಿಷ್ಠ ಆರು ವರ್ಷ ಇಲ್ಲಿದ್ದಿರಬೇಕು. ಕೊನೆಗೆ ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು. ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ತವರು ದೇಶದ ಪೌರತ್ವ ಬಿಡಬೇಕು. ವಯಸ್ಸಾದ ತಂದೆ ತಾಯಿಯನ್ನು ನೋಡಲು ಹೋಗಲೂ ಆಮೇಲೆ ಆಕೆಗೆ ವೀಸಾ ಬೇಕಾಗಬಹುದು. "ಬೇಗ ಇಂಡಿಯನ್ ಆಗಿಬಿಡು" ಎಂದು ಅತ್ತೆ ಮನೆಯವರು ಒತ್ತಾಯಿಸುವ ಮುನ್ನ ಇದನ್ನು ಯೋಚಿಸಬೇಕು.

ಮಗುವಿನ ಹಕ್ಕು

ಈ ಲೇಖನ ಬರೆಯಲು ಮುಖ್ಯ ಕಾರಣ ಇದು. 2004ರ ಡಿಸೆಂಬರ್ 3ರ ನಂತರ ಭಾರತದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತೀಯ ಆಗಬೇಕಾದರೆ ತಂದೆ ತಾಯಿ ಇಬ್ಬರೂ ಭಾರತೀಯರಾಗಿರಬೇಕು; ಅಥವಾ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಮಗು ಹುಟ್ಟುವ ಸಮಯದಲ್ಲಿ "ಅಕ್ರಮ ವಲಸಿಗ" ಆಗಿರಬಾರದು. ಅಕ್ರಮ ವಲಸಿಗ ಎಂದರೆ ಗಡಿ ಹಾರಿ ಬಂದವರು ಮಾತ್ರವಲ್ಲ. ಸರಿಯಾದ ವೀಸಾದಲ್ಲಿ ಬಂದು ಅವಧಿ ಮೀರಿ ಉಳಿದವರನ್ನೂ ಕಾಯ್ದೆ ಅದೇ ಹೆಸರಿನಿಂದ ಕರೆಯುತ್ತದೆ.

ಅಂದರೆ ಸೊಸೆಯ ವೀಸಾ ಮುಗಿದು ಹೋಗಿದೆ, "ನಿಕಾಹ್ ಆಗಿದೆಯಲ್ಲ, ಯಾರು ಕೇಳುತ್ತಾರೆ" ಎಂದು ಮನೆಯವರು ಸುಮ್ಮನಿದ್ದಾರೆ, ಆ ನಡುವೆ ಗಂಗಾವತಿಯ ಆಸ್ಪತ್ರೆಯಲ್ಲಿ ಮಗು ಹುಟ್ಟಿತು ಎನ್ನಿ. ತಂದೆ ತಲತಲಾಂತರದಿಂದ ಇದೇ ಮಣ್ಣಿನವನು. ಆದರೂ ಆ ಮಗು ಹುಟ್ಟಿನಿಂದ ಭಾರತೀಯ ಅಲ್ಲ. ತಾಯಿಗೂ ನೋಂದಣಿಯ ಮೂಲಕ ಪೌರತ್ವ ಪಡೆಯುವ ಬಾಗಿಲು ಮುಚ್ಚುತ್ತದೆ, ಏಕೆಂದರೆ ಅಕ್ರಮ ವಲಸಿಗರು ಆ 5ನೇ ಕಲಮಿನಡಿ ಅರ್ಜಿ ಹಾಕುವಂತಿಲ್ಲ. ಮಗುವಿನ ನಸಬ್ ತಂದೆಗೆ ಸೇರುತ್ತದೆಂದು ಶರೀಅತ್ ಹೇಳುತ್ತದೆ. ಆ ನಸಬ್‌ಗೆ ಜಗತ್ತಿನಲ್ಲಿ ನಿಲ್ಲುವ ನೆಲ ಕೊಡುವ ಹೊಣೆಯೂ ತಂದೆಯದೇ. ಮಕ್ಕಳು ಅಮಾನತ್. ಒಂದು ಅರ್ಜಿಯ ಸೋಮಾರಿತನದಿಂದ ಆ ಅಮಾನತ್ತಿನಲ್ಲಿ ಖಿಯಾನತ್ ಆಗಬಾರದು.

ಹೊರಗೆ ಹೋಗುವ ನಮ್ಮ ಮಕ್ಕಳು

ವಿದೇಶದ ಪ್ರಜೆಯನ್ನು ಮದುವೆಯಾಗಿ ಹೋಗುವವರ ದಾರಿಯೂ ಉದ್ದವೇ. ಅಮೆರಿಕದಲ್ಲಿ ಮದುವೆಯಾಗಿ ಎರಡು ವರ್ಷ ಆಗದವರಿಗೆ ಮೊದಲು ಷರತ್ತಿನ ಗ್ರೀನ್ ಕಾರ್ಡ್ ಎರಡು ವರ್ಷಕ್ಕೆ ಸಿಗುತ್ತದೆ. ಅದು ಮುಗಿಯುವ ಮುನ್ನಿನ 90 ದಿನದೊಳಗೆ ಗಂಡ ಹೆಂಡತಿ ಸೇರಿ ಅರ್ಜಿ ಹಾಕಬೇಕು. ಅಲ್ಲಿ ಸುಳ್ಳು ಮದುವೆಗೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ ಇದೆ. ಜರ್ಮನಿಯಲ್ಲಿ ಅಲ್ಲಿಯ ಪ್ರಜೆಯ ಸಂಗಾತಿಗೆ ಕಾಯಂ ವಾಸ ಸಾಮಾನ್ಯವಾಗಿ ಮೂರು ವರ್ಷದ ಸಂಸಾರದ ನಂತರ, ಭಾಷೆಯ ತಿಳಿವಳಿಕೆಯೊಂದಿಗೆ. ಇಂಗ್ಲೆಂಡ್‌ನಲ್ಲಿ ಬರೀ ಮಸೀದಿಯಲ್ಲಿ ಓದಿಸಿದ ನಿಕಾಹನ್ನು ಕಾನೂನು ಮದುವೆಯೆಂದು ಎಣಿಸುವುದಿಲ್ಲ. 2020ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿದೆ. ಅಲ್ಲಿ ನಿಕಾಹ್ ಆಗುವ ಹೆಣ್ಣುಮಗಳ ವಲೀ ಸರ್ಕಾರಿ ನೋಂದಣಿ ಅದೇ ದಿನ ಆಗುವಂತೆ ನೋಡಿಕೊಳ್ಳಲಿ. ಕುವೈತ್‌ನಲ್ಲಿ 2024ರ ಕೊನೆಯಿಂದ, ಮದುವೆಯ ಮೂಲಕ ಪೌರತ್ವ ಪಡೆದಿದ್ದ ಸಾವಿರಾರು ಮಹಿಳೆಯರ ಪೌರತ್ವವನ್ನೇ ಹಿಂದಕ್ಕೆ ಪಡೆದರು. ಪಾಸ್‌ಪೋರ್ಟ್ ನೋಡಿ ಮಗಳನ್ನು ಕೊಡುವವರಿಗೆ ಇದರಲ್ಲಿ ಪಾಠವಿದೆ.

ಈ ಕಾಯುವ ವರ್ಷಗಳಲ್ಲಿ ವೀಸಾ ಗಂಡನ ಕೈಯಲ್ಲಿರುತ್ತದೆ. "ಮಾತಾಡಿದರೆ ವಾಪಸ್ ಕಳಿಸುತ್ತೇನೆ" ಎಂಬ ಬೆದರಿಕೆ ಅಲ್ಲಿ ನಮ್ಮ ಹೆಣ್ಣುಮಕ್ಕಳೂ ಕೇಳುತ್ತಾರೆ, ಇಲ್ಲಿ ನಮ್ಮ ಮನೆಗೆ ಬಂದ ವಿದೇಶಿ ಸೊಸೆಯೂ ಕೇಳಬಹುದು. ಹೆಂಡತಿಯರೊಂದಿಗೆ ಒಳ್ಳೆಯ ರೀತಿಯಲ್ಲಿ ಬಾಳಬೇಕೆಂಬ ಕುರ್‌ಆನಿನ ಆದೇಶಕ್ಕೆ ಇದು ನೇರ ವಿರುದ್ಧ. ಅಮೆರಿಕ, ಇಂಗ್ಲೆಂಡ್, ಜರ್ಮನಿ ಮೂರರಲ್ಲೂ ಹಿಂಸೆಗೊಳಗಾದ ಸಂಗಾತಿ ಗಂಡನ ಸಹಿ ಇಲ್ಲದೆ ತಾನೇ ಅರ್ಜಿ ಹಾಕುವ ದಾರಿಯನ್ನು ಕಾನೂನು ಇಟ್ಟಿದೆ. ಮಗಳನ್ನು ಕಳಿಸುವ ತಾಯಿ ಬಟ್ಟೆ, ಮಸಾಲೆ ಪುಡಿಯ ಜೊತೆ ಈ ಮಾತನ್ನೂ ಕಟ್ಟಿಕೊಡಲಿ.

ಮನೆಯವರು ಮಾಡಬೇಕಾದದ್ದು

ನಿಕಾಹ್‌ನ ತಾರೀಖು ಇಡುವ ಮೊದಲು ವೀಸಾದ ತಾರೀಖು ನೋಡಿ. ಆಕೆಯ ವೈವಾಹಿಕ ಸ್ಥಿತಿಯ ಪತ್ರ ತರಿಸಿ. ನಿಮ್ಮ ಮಗನಿಗೆ ಮೊದಲ ಹೆಂಡತಿ ಇದ್ದರೆ ಅದನ್ನೂ ಆಕೆಗೆ ತಿಳಿಯುವ ಭಾಷೆಯಲ್ಲಿ ಹೇಳಿ. ಮಹ್ರ್ ಎಷ್ಟು, ಏನು ಎಂದು ಆಕೆಗೆ ಅರ್ಥ ಮಾಡಿಸಿ. ನಿಕಾಹ್‌ನಾಮಾದಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆ ಅಕ್ಷರ ಅಕ್ಷರ ಬರೆಸಿ. ಇಸ್ಲಾಮೀ ಹೆಸರು ಇಟ್ಟಿದ್ದರೆ ಎರಡನ್ನೂ ಬರೆಸಿ. ನೋಂದಣಿ ಆ ವಾರವೇ ಮುಗಿಯಲಿ. ಆಕೆಯ ಪಾಸ್‌ಪೋರ್ಟ್ ಆಕೆಯ ಬಳಿಯೇ ಇರಲಿ, ಬೀರುವಿನ ಕೀಲಿ ಅತ್ತೆಯ ಬಳಿ ಬೇಡ. ಏಜೆಂಟನ ಮಾತು ನಂಬಿ ಹಣ ಸುರಿಯುವ ಬದಲು ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕೇಳಿ.

ಗಡ್ಡೆಯ ಜನ ಒಂದೇ ವಾರದಲ್ಲಿ ತಮ್ಮ ಕಣ್ಣೆದುರೇ ಗೋಡೆಗಳು ಬಿದ್ದದ್ದನ್ನು ಕಂಡವರು. ಎಷ್ಟೋ ಮನೆಗಳ ಅನ್ನ ಅದರ ಜೊತೆ ಹೋಯಿತು. ಇಟ್ಟಿಗೆಯ ಮನೆ ಮತ್ತೊಂದು ಕಡೆ ಕಟ್ಟಬಹುದು, ಸಂಸಾರ ಹಾಗಲ್ಲ. ಅದನ್ನು ಸತ್ಯದ ಮೇಲೂ ಸರಿಯಾದ ದಾಖಲೆಯ ಮೇಲೂ ಕಟ್ಟೋಣ.

ನಮ್ಮ ಸಂಗಾತಿಗಳಿಂದಲೂ ಸಂತತಿಯಿಂದಲೂ ಅಲ್ಲಾಹನು ನಮಗೆ ಕಣ್ತಣಿವು ನೀಡಲಿ. ದೂರದಿಂದ ನಮ್ಮನ್ನು ನಂಬಿ ಬಂದವರಿಗೆ ನಮ್ಮ ಮನೆಗಳನ್ನು ನೆಮ್ಮದಿಯ ತಾಣವಾಗಿಸಲಿ. ಆಮೀನ್.